ಒಂದು ಹನಿಯೂ ಚೆಲ್ಲದವಳು

ನನ್ನ ಗೆಳತಿಯ ಕೈಗಳ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಅವಳನ್ನು ಆ ಮನೆಗೆ ತಂದದ್ದು ಅವೇ.

ಅವಳ ಅಪ್ಪ ಅಂಗಡಿಬೀದಿಯಲ್ಲಿ ಸುಗಂಧದೆಣ್ಣೆ ಮಾರುತ್ತಿದ್ದರು. ದೊಡ್ಡ ಜಾಡಿಯಿಂದ ಬೆರಳುದ್ದದ ಸೀಸೆಗಳಿಗೆ ಎಣ್ಣೆ ತುಂಬುವುದು ಮಗಳ ಕೆಲಸ. ಆಲಿಕೆ ಇಡುವ ಹಾಗಿಲ್ಲ. ಆಲಿಕೆಯ ಒಳಮೈಗೆ ಅಂಟಿದ್ದೆಲ್ಲ ದಂಡ ಎನ್ನುವುದು ಅಪ್ಪನ ವಾದ. ಹಾಗಾಗಿ ಅವಳು ಜಾಡಿಯನ್ನು ಕಂಕುಳಲ್ಲಿ ಒತ್ತಿ ಹಿಡಿದು, ಉಸಿರು ಬಿಗಿಹಿಡಿದು, ನೂಲಿನಷ್ಟು ತೆಳ್ಳಗೆ ಎಣ್ಣೆ ಇಳಿಸುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಬಿರಡೆ ಹಾಕುತ್ತಿದ್ದೆ. ಅವಳ ಕೈ ಅಲುಗಿಸಬೇಕೆಂದು ಬೀದಿಯವರನ್ನೆಲ್ಲ ಅಣಕಿಸಿ ತೋರಿಸುತ್ತಿದ್ದೆ. "ಆಮೇಲೆ ನಗ್ತೀನಿ ಇರು" ಎಂದು ತುಟಿ ಅಲ್ಲಾಡಿಸದೆ ಹೇಳಿ, ಸೀಸೆ ತುಂಬಿ ಕೆಳಗಿಟ್ಟ ಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಗುವನ್ನು ಹಾಗೆ ಎತ್ತಿಟ್ಟುಕೊಂಡು ಆಮೇಲೆ ಖರ್ಚು ಮಾಡುವವರನ್ನು ನಾನು ಬೇರೆ ಎಲ್ಲೂ ನೋಡಿಲ್ಲ.

ಕನ್ನಡಿ ಮನೆಯವರು ಅವಳನ್ನು ನೋಡಲು ಬಂದಾಗ ನಾನೂ ಅಲ್ಲೇ ಇದ್ದೆ. ನದಿ ಕಡೆಯ ಬೀದಿಯಲ್ಲಿ ತಲೆಮಾರುಗಳಿಂದ ಕನ್ನಡಿ ಮಾಡಿಕೊಂಡು ಬಂದವರು ಅವರು. ಊರಿನ ದರ್ಜಿಗಳು, ಕ್ಷೌರದಂಗಡಿಯವರು, ನಾಟಕದ ಕಂಪನಿಯವರು, ದೊಡ್ಡ ಮನೆಯವರು ಎಲ್ಲರೂ ಮುಖ ನೋಡಿಕೊಳ್ಳುತ್ತಿದ್ದದ್ದು ಅವರು ಮಾಡಿದ ಕನ್ನಡಿಯಲ್ಲೇ. ಆ ಮನೆಯ ಹಿರಿಯರನ್ನು ಊರೆಲ್ಲ ಯಜಮಾನರು ಎನ್ನುತ್ತಿತ್ತು. ಅವರು ದೊಡ್ಡ ಮಗನನ್ನು ಕರೆದುಕೊಂಡು ಬಂದಿದ್ದರು. ಹುಡುಗಿಗೆ ಓದು ಬರುತ್ತದೆಯೇ, ಹೊಲಿಗೆ ಬರುತ್ತದೆಯೇ ಎಂದು ಒಂದು ಮಾತೂ ಕೇಳಲಿಲ್ಲ. "ಕುಡಿಯೋಕೆ ನೀರು ತಗೊಂಡು ಬಾಮ್ಮ. ಅಂಚಿನವರೆಗೂ ತುಂಬಿರ್ಬೇಕು" ಎಂದರು.

ಅವಳು ಅಡುಗೆಮನೆಯಿಂದ ಎರಡು ಹೊಸ್ತಿಲು ದಾಟಿ ಲೋಟ ತಂದಳು. ಅವರು ತೆಗೆದುಕೊಳ್ಳಲಿಲ್ಲ. ತೋಳು ಚಾಚಿ ಹಿಡಿದುಕೊಂಡೇ ಇರಲು ಹೇಳಿ, ಅವಳ ಅಪ್ಪನ ಜೊತೆ ಎಣ್ಣೆಯ ವ್ಯಾಪಾರ, ಸೇತುವೆಯ ರಿಪೇರಿ, ತಮ್ಮ ಮೊಣಕಾಲು ನೋವು ಎಂದು ಸಾವಧಾನವಾಗಿ ಮಾತಾಡಿದರು. ಕೊನೆಗೆ ಅವಳ ಕಾಲ ಬಳಿ ಬಗ್ಗಿ ನೆಲ ನೋಡಿದರು. ಒಣ ನೆಲ. ಎದ್ದು ನಿಂತು ಜೋರಾಗಿ ನಕ್ಕರು.

"ತುಂಬುಲೋಟ! ನಮ್ಮನೆಗೆ ಬೇಕಾಗಿದ್ದ ಹುಡುಗಿ ಇವಳೇ."

"ಅಡುಗೆ ಬರುತ್ತಾ ಅಂತ ಕೇಳ್ಲೇ ಇಲ್ವಲ್ಲ?" ಎಂದರು ಅವಳ ಅಮ್ಮ.

"ಅಡುಗೆಗೆ ಆಳು ಇದಾಳೆ ತಾಯಿ. ಇಂಥ ಕೈ ಎಲ್ಲಿ ಸಿಗುತ್ತೆ?"

ಆ ಹೆಸರು ಅವಳಿಗೆ ಅಂಟಿಕೊಂಡಿತು. ಅವರು ಹೋದ ಮೇಲೆ ಅವಳು ಆ ಲೋಟದ ನೀರನ್ನು ಗಟಗಟ ಕುಡಿದು, "ನೋಡ್ದೇನೇ? ಮುಖ ನೋಡಿ ಒಪ್ಪೋರು ಸಿಗ್ತಾರೆ, ಕೈ ನೋಡಿ ಒಪ್ಪಿದೋರು ಇವರೇ ಮೊದಲು" ಎಂದಳು. ಹೆಮ್ಮೆಯಿಂದ ಅವಳ ಕಿವಿ ಕೆಂಪಗಾಗಿತ್ತು.

ನಾನು ಮದುವೆಯಾಗಲಿಲ್ಲ. ಆ ಮನೆಯಿಂದ ನಾಲ್ಕು ಹೆಜ್ಜೆ ದೂರದ ವಾಚನಾಲಯದಲ್ಲಿ ಪುಸ್ತಕ ಜೋಡಿಸುವ ಕೆಲಸ ನನ್ನದು. ಆದ್ದರಿಂದ ಅವಳು ಕನ್ನಡಿ ಮನೆಗೆ ಹೋದ ಮೇಲೂ ನಮ್ಮ ಒಡನಾಟ ತಪ್ಪಲಿಲ್ಲ. ಮಧ್ಯಾಹ್ನ ಊಟ ಮುಗಿಸಿ ಹಿತ್ತಲ ಬಾಗಿಲಿನಿಂದ ಹೋಗಿ ಅವಳ ಕೆಲಸ ನೋಡುತ್ತಾ ಹೊರಗೇ ನಿಲ್ಲುತ್ತಿದ್ದೆ.

ಆ ಮನೆಯಲ್ಲಿ ಪಾದರಸವನ್ನು ಬರೀ 'ರಸ' ಎನ್ನುತ್ತಿದ್ದರು. ಕೆಲಸ ನಡೆಯುವ ಜಾಗ ರಸದ ಕೋಣೆ. ನಡುವೆ ದೊಡ್ಡ ಚಪ್ಪಡಿ ಕಲ್ಲಿನ ಮೇಜು, ಅದರ ಸುತ್ತ ಬೆರಳಗಲದ ಕಾಲುವೆ. ಕಲ್ಲಿನ ಮೇಲೆ ತವರದ ಹಾಳೆ ಹಾಸಬೇಕು. ಒಂದು ಸುಕ್ಕೂ ಉಳಿಯದಂತೆ ಹತ್ತಿಯ ಉಂಡೆಯಿಂದ ಸವರಬೇಕು. ಆಮೇಲೆ ರಸ ಸುರಿಯಬೇಕು, ನಿಧಾನವಾಗಿ, ಹಾಳೆಯ ಮೇಲೆ ಅದು ಕೆರೆಯಂತೆ ನಿಲ್ಲುವವರೆಗೆ. ಕೊನೆಗೆ ಗಾಜನ್ನು ಒಂದು ಅಂಚಿನಿಂದ ಮಲಗಿಸಿ, ಹೆಚ್ಚಿನ ರಸವನ್ನು ಮುಂದಕ್ಕೆ ತಳ್ಳುತ್ತಾ ಜಾರಿಸಬೇಕು. ಆಗ ಕೈ ಒಂದಿಷ್ಟು ನಡುಗಿದರೂ ಗಾಳಿ ಒಳಗೆ ಸೇರಿ ಗುಳ್ಳೆ ನಿಲ್ಲುತ್ತದೆ. ಆ ಗುಳ್ಳೆ ನೋಡುವವರ ಹಣೆಯ ಮೇಲೋ ಮೂಗಿನ ಮೇಲೋ ಜನ್ಮಪೂರ್ತಿ ಕೂರುತ್ತದೆ. ಗಾಜು ಕೂತ ಮೇಲೆ ಅದರ ಮೇಲೆ ಕಲ್ಲು ಹೇರಿ, ಮೇಜನ್ನು ಒಂದು ಕಡೆ ಎತ್ತಿ, ವಾರಗಟ್ಟಲೆ ಬಿಡುತ್ತಿದ್ದರು. ರಸ ಸೋರಿ ತೊಟ್ಟು ತೊಟ್ಟಾಗಿ ಬಟ್ಟಲಿಗೆ ಬೀಳುತ್ತಿತ್ತು.

ಕೋಣೆಗೆ ಒಂದೇ ಕಿಟಕಿ. ಅದನ್ನು ತೆರೆಯುತ್ತಿರಲಿಲ್ಲ. ಧೂಳು ಬರುತ್ತದೆ, ಗಾಳಿ ಆಡಿದರೆ ರಸದ ಮೇಲೆ ಕೆನೆ ಕಟ್ಟುತ್ತದೆ. ಚಳಿಗಾಲದಲ್ಲಿ ಮೂಲೆಯಲ್ಲಿ ಇದ್ದಿಲ ಒಲೆ ಉರಿಯುತ್ತಿತ್ತು. ಒಳಗೆ ಹೋಗುವ ಹೆಂಗಸು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಅದು ಅವಳ ಕ್ಷೇಮಕ್ಕಲ್ಲ, ಅವಳ ಉಸಿರು ರಸವನ್ನು ಮಸುಕು ಮಾಡದಿರಲಿ ಎಂದು. ಮೈಮೇಲಿನ ಚಿನ್ನವನ್ನೆಲ್ಲ ತೆಗೆದು ಬಾಗಿಲ ಪಕ್ಕದ ಗೂಡಿನಲ್ಲಿಡಬೇಕು. ತವರದ ಹಾಳೆಗೆ ಗೀರು ಬೀಳಬಾರದಲ್ಲ ಎಂದು ಯಜಮಾನರು ಹೇಳಿದ್ದರು. ಇನ್ನೂ ಒಂದು ನಿಯಮವಿತ್ತು. ರಸದ ಕೆಲಸ ಸೊಸೆಯರದು. ಗಾಜು ಕತ್ತರಿಸುವುದು, ಚೌಕಟ್ಟು ಕಟ್ಟುವುದು, ಮಾರುವುದು ಗಂಡಸರ ಪಾಲು. "ಗಂಡಸರ ಕೈ ಭಾರ ಕಣೇ" ಎಂದು ಅವಳು ನಂಬಿಕೊಂಡೇ ನನಗೆ ಹೇಳಿದ್ದಳು.

ಮೊದಲ ವರ್ಷ ಅವಳು ಸುಖವಾಗಿದ್ದಳು ಎಂದೇ ಹೇಳಬೇಕು. ಗಂಡ ಮೆದು ಮನುಷ್ಯ. ಹೆಂಡತಿ ಮಾಡಿದ ಮೊದಲ ಕನ್ನಡಿಯನ್ನು ಮಾರದೆ ಮಲಗುವ ಕೋಣೆಯಲ್ಲಿ ತೂಗುಹಾಕಿದ್ದ. ಅದರ ಮುಂದೆ ನಿಲ್ಲಿಸಿಕೊಂಡು ಅವಳು ನನಗೆ ಹೇಳಿದ್ದಳು: "ನೋಡೇ, ಇದರಲ್ಲಿ ನಿನ್ನ ಮೂಗು ಕೂಡ ಸುಮಾರಾಗಿ ಕಾಣುತ್ತೆ!"

ಮಹಡಿಯ ಮೇಲೊಂದು ಕೋಣೆ ಇತ್ತು. ಅದರಲ್ಲಿ ಅವಳ ಅತ್ತೆ ಇದ್ದರು. ಮದುವೆಯ ದಿನವೂ ಅವರು ಕೆಳಗಿಳಿದಿರಲಿಲ್ಲ. "ಅವಳಿಗೆ ಜನ ಅಂದ್ರೆ ಆಗಲ್ಲ. ನರಗಳ ದೌರ್ಬಲ್ಯ. ಅವಳ ತವರಿನ ರಕ್ತವೇ ಹಾಗೆ" ಎಂದು ಯಜಮಾನರು ಹೇಳಿ ಮುಗಿಸಿದ್ದರು. ಹಾಲು ಕೊಡಲು ಸೊಸೆ ಮೇಲೆ ಹೋದರೆ ಅತ್ತೆ ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದರು. ಕೈ ಎಷ್ಟು ನಡುಗುತ್ತಿತ್ತೆಂದರೆ ಬಟ್ಟಲನ್ನು ಯಾರಾದರೂ ಬಾಯಿಗಿಡಬೇಕು. ಹಲ್ಲು ಒಂದೂ ಉಳಿದಿರಲಿಲ್ಲ, ಬಾಯಿಂದ ಜೊಲ್ಲು ಸುರಿಯುತ್ತಿತ್ತು. ವಯಸ್ಸು ಕೇಳಿದರೆ ನನ್ನ ಅಮ್ಮನಿಗಿಂತ ಚಿಕ್ಕವರು.

"ನಾನು ನೋಡ್ತೀನಿ ಅಂತ ಗೊತ್ತಾದ್ರೆ ಸಾಕು, ಮಗು ಥರ ಅಳ್ತಾರೆ ಕಣೇ" ಎಂದಳು ನನ್ನ ಗೆಳತಿ. "ಅದಕ್ಕೇ ಕಣ್ಣು ಮುಚ್ಚಿಕೊಂಡೇ ಹಾಲು ಕುಡಿಸ್ತೀನಿ. ಇಲ್ಲೀವರೆಗೂ ಚೆಲ್ಲಿಲ್ಲ."

ಗಂಡನ ಅಕ್ಕ ಮಗುವಿನ ಜೊತೆ ತವರಿಗೆ ಬಂದಾಗ ಮೊದಲ ಸಂಶಯ ಹುಟ್ಟಿತು. ಆಕೆ ಗಟ್ಟಿ ಹೆಂಗಸು, ಮಾತಿನ ಮಲ್ಲಿ. ಮಾತಾಡುತ್ತಲೇ ಸೂಜಿ ನೋಡದೆ ದಾರ ಪೋಣಿಸುತ್ತಿದ್ದಳು. ಒಂದು ಮಧ್ಯಾಹ್ನ, ನಾನು ಹೊರಗೆ ನಿಂತಿದ್ದಾಗಲೇ, ಆಕೆ ರಸದ ಕೋಣೆಯ ಹೊಸ್ತಿಲಲ್ಲಿ ನಿಂತು, "ಏನಮ್ಮ ತುಂಬುಲೋಟ, ನನಗೂ ಒಂದು ಪುಟ್ಟ ಕನ್ನಡಿ ಮಾಡಿಕೊಡ್ತೀಯಾ?" ಎನ್ನುತ್ತಾ ಒಳಗೆ ಕಾಲಿಟ್ಟಳು. ಮಗು ಕೂಡ ಹಿಂದೆಯೇ ತೆವಳಿಕೊಂಡು ಬಂತು. ನೆಲದ ಹಲಗೆಗಳ ಸಂದಿಯಲ್ಲಿ ರಸದ ಪುಟ್ಟ ಮಣಿಗಳು ಹೊಳೆಯುತ್ತಿದ್ದವು. ಮಗು ಅವನ್ನು ಹಿಡಿಯಲು ಕೈ ಚಾಚಿತು.

ಯಜಮಾನರು ಎಲ್ಲಿದ್ದರೋ, ಓಡಿ ಬಂದರು. ಮೊಣಕಾಲು ನೋವಿನ ಆ ಮನುಷ್ಯ ಓಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಮಗುವನ್ನು ಎತ್ತಿಕೊಂಡು ಅದರ ಕೈಯನ್ನು ತಮ್ಮ ಅಂಗಿಗೆ ಉಜ್ಜಿದರು. ಮಗಳ ತೋಳು ಹಿಡಿದು ಹೊರಗೆ ಎಳೆದರು.

"ಎಷ್ಟು ಸಲ ಹೇಳಿದೀನಿ ನಿನಗೆ? ಒಳಗೆ ಬರ್ಬೇಡ ಅಂತ ಹೇಳಿದೀನಾ ಇಲ್ವಾ?"

"ಅಯ್ಯೋ, ಒಂದು ನಿಮಿಷ ಅಪ್ಪಾ..."

"ಅರ್ಧ ನಿಮಿಷನೂ ಬೇಡ!"

ನನ್ನ ಗೆಳತಿ ಬಾಯಿಗೆ ಬಟ್ಟೆ ಕಟ್ಟಿಕೊಂಡು, ಕೈಯಲ್ಲಿ ರಸದ ಕೊಡ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ಅವಳ ಕಡೆ ಯಾರೂ ತಿರುಗಲಿಲ್ಲ. ಆ ಮಧ್ಯಾಹ್ನ ಅವಳು ನನಗೆ ಹೇಳಿದ್ದು ಇಷ್ಟೇ: "ಅತ್ತೆಯ ರಕ್ತ ಅಂದ್ರೆ ನಾದಿನಿಯ ರಕ್ತವೂ ಅದೇ ತಾನೆ? ಅವಳ ಕೈ ಯಾಕೆ ನಡುಗಲ್ಲ?"

ಎರಡನೆಯದು ಓಲೆ. ಅವಳ ಎಡಕಿವಿಯ ಓಲೆಯ ತಿರುಪು ಬಿಗಿದುಕೊಂಡು ಎಂದೂ ಬಿಚ್ಚಲು ಬರುತ್ತಿರಲಿಲ್ಲ. ಹಾಗಾಗಿ ಬಲಗಿವಿಯದನ್ನು ಮಾತ್ರ ಗೂಡಿನಲ್ಲಿಟ್ಟು ಎಡದ್ದನ್ನು ಬಟ್ಟೆಯೊಳಗೆ ಮುಚ್ಚಿಕೊಂಡು ಕೆಲಸ ಮಾಡುತ್ತಿದ್ದಳು. ಒಂದು ದಿನ ಅವಳ ತಲೆ ಬಾಚುತ್ತಿದ್ದ ನಾನು, "ಇದೇನೇ, ಒಂದು ಕಿವಿಗೆ ಚಿನ್ನ, ಒಂದು ಕಿವಿಗೆ ಬೆಳ್ಳಿ? ಹೊಸ ಫ್ಯಾಷನ್ನಾ?" ಎಂದೆ. ಅವಳು ಕನ್ನಡಿಯ ಮುಂದೆ ಹೋಗಿ ನಿಂತಳು. ಎಡದ ಓಲೆ ಬೂದಿಬಿಳುಪಾಗಿತ್ತು.

ಅಕ್ಕಸಾಲಿಯ ಹತ್ತಿರ ಹೋದೆವು. ಅವನು ತಿರುಪಿಗೆ ಎಣ್ಣೆ ಬಿಟ್ಟು, ಚಿಮಟದಿಂದ ಮೆಲ್ಲನೆ ಬಿಚ್ಚಿ, ಓಲೆಯನ್ನು ಉರಿಗೆ ಹಿಡಿದ. ಹೊಗೆ ಬರದಿದ್ದರೂ ಮುಖ ಪಕ್ಕಕ್ಕೆ ತಿರುಗಿಸಿಕೊಂಡ. ಸ್ವಲ್ಪ ಹೊತ್ತಿನಲ್ಲಿ ಚಿನ್ನದ ಹಳದಿ ವಾಪಸು ಬಂತು.

"ರಸ ಹತ್ತಿತ್ತು ತಾಯಿ. ಬೆಂಕಿಗೆ ಹಿಡಿದ್ರೆ ಬಿಟ್ಟುಹೋಗುತ್ತೆ."

"ನಾನು ಓಲೆಯನ್ನ ರಸಕ್ಕೆ ಮುಟ್ಟಿಸೇ ಇಲ್ಲ" ಎಂದಳು ಅವಳು.

"ಮುಟ್ಟಿಸ್ಬೇಕಾಗಿಲ್ಲ. ಆ ಕೋಣೇಲಿ ಗಾಳೀಲೇ ಇರುತ್ತೆ."

"ಮೈಗೆ ಹತ್ತಿದ್ರೆ?"

ಅವನು ಓಲೆಯನ್ನು ಅವಳ ಅಂಗೈಯಲ್ಲಿಟ್ಟ. "ಮೈಯನ್ನ ಬೆಂಕಿಗೆ ಹಿಡಿಯೋಕಾಗುತ್ತಾ ತಾಯಿ?" ಎಂದ.

ಮನೆಗೆ ಹೋದವಳೇ ಮಹಡಿ ಹತ್ತಿದಳು. ಆವತ್ತು ಕಣ್ಣು ಮುಚ್ಚಿಕೊಳ್ಳಲಿಲ್ಲ ಎಂದು ಆಮೇಲೆ ಹೇಳಿದಳು. ಅತ್ತೆಯ ಕಿವಿಗಳನ್ನು ನೋಡಿದಳು. ತವರದ ಲೋಹದ್ದೋ ಏನೋ ಎಂದು ಇಷ್ಟು ದಿನ ಅಂದುಕೊಂಡಿದ್ದ ಬೂದಿಬಿಳುಪಿನ ಓಲೆಗಳು. ಅವರ ಪಕ್ಕ ಕೂತು ಗೋಡೆಯ ಕಡೆಗೇ ಮುಖ ಮಾಡಿ, ಇಬ್ಬರೂ ಗೋಡೆ ನೋಡುತ್ತಾ, "ಅತ್ತೆ, ಇವು ಚಿನ್ನದ್ದಾ?" ಎಂದು ಕೇಳಿದಳು.

ಅತ್ತೆ ಗೋಡೆಗೇ ಮಾತಾಡಿದರು. ಹಲ್ಲಿಲ್ಲದ ಬಾಯಿಯ ಮಾತು ಅರ್ಧ ಅರ್ಥವಾಯಿತು, ಅರ್ಧ ಊಹಿಸಿಕೊಳ್ಳಬೇಕಾಯಿತು. "ನಂಗೂ ನೀರು ತುಂಬಿ ತಾ ಅಂದಿದ್ರು... ನಾನೂ ಚೆಲ್ಲಲಿಲ್ಲ... ನನ್ನೂ ತುಂಬುಲೋಟ ಅಂತಲೇ ಕರೀತಿದ್ರು." ಅಳು ಬಂದು ಹಾಸಿಗೆಯೊಳಗೆ ಮುಖ ಹುದುಗಿಸಿಕೊಂಡರು. ಆಮೇಲೆ, ಹೊದಿಕೆಯೊಳಗಿನಿಂದಲೇ: "ಹೇಳ್ಬೇಕು ಅಂತಿದ್ದೆ. ನಿನ್ನ ಮುಖ ನೋಡೋಕಾಗ್ಲಿಲ್ಲ ಮಗಾ."

ಆ ಮನೆಯ ಗುಟ್ಟು ಇಷ್ಟೇ. ಅದನ್ನು ಯಾರೂ ಯಾವ ಪೆಟ್ಟಿಗೆಯಲ್ಲೂ ಬಚ್ಚಿಟ್ಟಿರಲಿಲ್ಲ. ರಸ ಮೈಗೇರುತ್ತದೆ ಎಂದು ಆ ಮನೆಯ ಗಂಡಸರಿಗೆ ತಲೆಮಾರುಗಳಿಂದ ಗೊತ್ತಿತ್ತು. ಅದಕ್ಕೇ ಅವರು ಒಳಗೆ ಹೋಗುತ್ತಿರಲಿಲ್ಲ, ತಮ್ಮ ಸ್ವಂತ ಹೆಣ್ಣುಮಕ್ಕಳನ್ನೂ ಬಿಡುತ್ತಿರಲಿಲ್ಲ. ಹೊರಗಿನಿಂದ ಗಟ್ಟಿ ಕೈಯವಳೊಬ್ಬಳನ್ನು ತರುವುದು. ಕೈ ನಡುಗಲು ಶುರುವಾದಾಗ ಅವಳ ತವರಿನ ರಕ್ತವನ್ನು ಬೈದು ಮಹಡಿಗೆ ಕಳಿಸುವುದು. ಅಷ್ಟು ಹೊತ್ತಿಗೆ ಮಗ ಮದುವೆಯ ವಯಸ್ಸಿಗೆ ಬಂದಿರುತ್ತಾನೆ. ನಾನು ವಾಚನಾಲಯದಲ್ಲಿ ಹುಡುಕಿದೆ. ಪಾದರಸದ ಗಣಿಯವರ ಬಗ್ಗೆ ಒಂದು ವೈದ್ಯ ಪುಸ್ತಕದಲ್ಲಿ ಎಲ್ಲವೂ ಇತ್ತು: ನಡುಕ, ಜೊಲ್ಲು, ಉದುರುವ ಹಲ್ಲು, ಅಪರಿಚಿತರ ಕಣ್ಣಿಗೆ ಬೀಳಲು ವಿಪರೀತ ನಾಚಿಕೆ ಮತ್ತು ಭಯ. ಓದಿ ಹೇಳಿದಾಗ ಅವಳು, "ಅತ್ತೆ ಒಂದೇ ವಾಕ್ಯದಲ್ಲಿ ಹೇಳಿಬಿಟ್ರಲ್ಲ" ಎಂದಳು.

ಅವಳು ಸುಮ್ಮನಿರಲಿಲ್ಲ. ಮೊದಲು ಗಂಡನಿಗೆ ಹೇಳಿದಳು. ಅವನು ಮುಖ ಕೆಳಗೆ ಹಾಕಿಕೊಂಡು, "ಅಮ್ಮನ್ನ ನೋಡಿದಾಗೆಲ್ಲ ನನಗೂ ಹಾಗೇ ಅನ್ಸುತ್ತೆ" ಎಂದನಂತೆ.

"ಅನ್ಸಿದ್ರೂ ನನ್ನ ಒಳಗೆ ಕಳಿಸಿದ್ರಾ?"

"ಅಪ್ಪ ಏನಂತಾರೋ..."

"ನೀವು ಏನಂತೀರಿ?"

ಅವನು ಚೌಕಟ್ಟು ಕಟ್ಟಲು ಎದ್ದು ಹೋದ. ಆದರೂ ಅವನ ಪಾಲಿನದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಬೇರೆ ಊರುಗಳಲ್ಲಿ ರಸವಿಲ್ಲದೆ, ಬೆಳ್ಳಿಯ ದ್ರಾವಣ ಸುರಿದು ಕನ್ನಡಿ ಮಾಡುತ್ತಾರೆಂದು ನಾನು ಒಂದು ಪತ್ರಿಕೆಯಲ್ಲಿ ಓದಿ ಹೇಳಿದ್ದೆ. ಅವನು ಹಿತ್ತಲಿನಲ್ಲಿ ಕದ್ದುಮುಚ್ಚಿ ಪ್ರಯತ್ನಪಟ್ಟ. ಗಾಜಿನ ಮೇಲೆ ಹಳದಿ ಹಳದಿ ಕಲೆ ಎದ್ದಿತು. ಯಜಮಾನರು ಅದನ್ನು ಎತ್ತಿ ನೋಡಿ, "ಇದು ಕನ್ನಡಿಯೇನೋ? ಕಾಮಾಲೆ ಬಂದಿರೋ ಗಾಜು" ಎಂದು ಗೋಡೆಗೆ ಒರಗಿಸಿಟ್ಟರು. ಅವನು ಮತ್ತೆ ಪ್ರಯತ್ನಿಸಲಿಲ್ಲ.

ತವರಿಗೂ ಹೋಗಿಬಂದಳು. ಅಪ್ಪ ತೀರಿಕೊಂಡಿದ್ದರು, ಅಂಗಡಿ ಅಣ್ಣನ ಕೈಯಲ್ಲಿತ್ತು. ಅವನು ಎಲ್ಲ ಕೇಳಿಸಿಕೊಂಡು, "ಹೊಡೀತಾರಾ? ಬೈತಾರಾ? ಊಟಕ್ಕೆ ಕಮ್ಮಿ ಮಾಡ್ತಾರಾ?" ಎಂದ. ಮೂರಕ್ಕೂ ಅವಳು ಇಲ್ಲ ಎನ್ನಬೇಕಾಯಿತು. "ಮತ್ತೆ?" ಎಂದು ಅವನೇ ಕುದುರೆಗಾಡಿ ಮಾಡಿಸಿ ವಾಪಸು ಕಳಿಸಿದ.

ಆಮೇಲೆ ಅವಳು ಕಿಟಕಿ ತೆರೆದಳು. ಯಾರಿಗೂ ಹೇಳದೆ, ಬೆಳಿಗ್ಗೆ ಕೆಲಸ ಶುರುಮಾಡುವ ಮೊದಲು. ಆವತ್ತು ಮೇಜಿನ ಮೇಲಿದ್ದದ್ದು ನಾಟಕದ ಕಂಪನಿಯ ಆಳೆತ್ತರದ ಕನ್ನಡಿ. ಬೀದಿಯ ಧೂಳು ಬಂದು ರಸದ ಮೇಲೆ ಕೂತಿತು. ಕಲ್ಲು ತೆಗೆದಾಗ ಕನ್ನಡಿಯ ತುಂಬ ಸಿಡುಬಿನ ಕಲೆಗಳಂತೆ ಚುಕ್ಕೆಗಳು. ಯಜಮಾನರು ಕೂಗಾಡಲಿಲ್ಲ. ಅವರು ಕೂಗಾಡುವ ಮನುಷ್ಯರಲ್ಲ. ಸುತ್ತಿಗೆ ತಂದು ಕಿಟಕಿಗೆ ಮೊಳೆ ಹೊಡೆದು, ಸೊಸೆಯ ತಲೆ ನೇವರಿಸಿ, "ಸೆಖೆ ಆಗುತ್ತೆ ಅಂತ ಗೊತ್ತಮ್ಮ. ಸ್ವಲ್ಪ ತಡಕೋ" ಎಂದರು.

ಅಲ್ಲಿಂದ ಮುಂದೆ ಅವಳ ಮನಸ್ಸಿನಲ್ಲಿ ಉಳಿದದ್ದು ಒಂದೇ. ಗಂಡನ ತಮ್ಮ ಬೆಳೆಯುತ್ತಿದ್ದ. ಅವಳ ಕೈ ನಡುಗಿದ ದಿನ ಅವನಿಗೆ ಹುಡುಗಿ ನೋಡುತ್ತಾರೆ. "ನನ್ನ ಕಥೆ ಮುಗೀತು ಬಿಡು" ಎಂದಳು ನನಗೆ, ಅಷ್ಟೇ ಸಲೀಸಾಗಿ. "ನಾನಾದ್ಮೇಲೆ ಆ ಕೋಣೆಗೆ ಇನ್ನೊಬ್ಬಳು ಬರಬಾರದು. ಅಷ್ಟು ಮಾಡಿದ್ರೆ ಸಾಕು."

"ಓಡಿಹೋಗೋಣ" ಎಂದೆ. "ನನ್ನ ಕೋಣೆಯಲ್ಲಿ ಇಬ್ಬರು ಇರಬಹುದು."

"ನಾನು ಓಡಿಹೋದ್ರೆ ಮುಂದಿನ ತಿಂಗಳೇ ಬೇರೆಯವಳನ್ನ ತರ್ತಾರೆ. ನನ್ನ ಕೈ ಗಟ್ಟಿ ಇರೋವರೆಗೂ ಯಾರೂ ಬರಲ್ಲ."

ಹೀಗೆ ಅವಳು ತನ್ನನ್ನೇ ಬಾಗಿಲಿಗೆ ಅಡ್ಡ ಹಲಗೆಯಂತೆ ಇಟ್ಟುಕೊಂಡಳು. ತಡೆಯಲು ಬೇರೆ ದಾರಿ ಇರಲಿಲ್ಲ, ಒಳಗೇ ಇರಬೇಕು. ಒಳಗಿದ್ದಷ್ಟೂ ಕೈ ಬೇಗ ಹೋಗುತ್ತದೆ. ಇದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಎರಡು ಸಲ ಗರ್ಭ ನಿಂತು ಇಳಿದುಹೋಯಿತು. ವಸಡಿನ ಅಂಚಿನಲ್ಲಿ ಕಪ್ಪು ಗೆರೆ ಮೂಡಿತು. ಬಾಯಲ್ಲಿ ಸದಾ ತುಕ್ಕಿನ ರುಚಿ ಎನ್ನುತ್ತಿದ್ದಳು. ನಡುಕ ಬೆರಳ ತುದಿಯಲ್ಲಿ ಶುರುವಾದಾಗ ಅವಳು ಅದನ್ನು ಬಚ್ಚಿಡುವ ಉಪಾಯಗಳನ್ನು ಕಂಡುಕೊಂಡಳು. ಮೊಣಕೈಯನ್ನು ಮೇಜಿನ ಅಂಚಿಗೆ ಊರುವುದು. ಗಾಜು ಜಾರಿಸುವಾಗ ಹೊಟ್ಟೆಯನ್ನು ಕಲ್ಲಿಗೆ ಒತ್ತಿ ಇಡೀ ಮೈಯಿಂದ ತಳ್ಳುವುದು. ಊಟಕ್ಕೆ ಕೂತಾಗ ಮಾವನ ಎದುರು ಲೋಟ ಎತ್ತದೆ, ಬಾಯಾರಿಕೆಯಿಲ್ಲ ಎನ್ನುವುದು. ಕೈ ಸರಿಯಾಗಿದೆ ಎಂದು ತೋರಿಸಲು ಬೇಕೆಂದೇ ಅವರ ಮುಂದೆ ಸೂಜಿ ಹಿಡಿದು ಕೂರುತ್ತಿದ್ದಳು. ದಾರವನ್ನು ನಾನು ಮೊದಲೇ ಪೋಣಿಸಿ ಕೊಟ್ಟಿರುತ್ತಿದ್ದೆ. ತಿರುಪು ಬಿಚ್ಚಲು ಬೆರಳು ನಿಲ್ಲದೆ ಓಲೆಗಳನ್ನು ಕಿವಿಯಲ್ಲೇ ಬಿಟ್ಟುಕೊಂಡು ಒಳಗೆ ಹೋಗುತ್ತಿದ್ದಳು, ಈಗ ಎರಡೂ ಬೂದಿಬಿಳುಪಾಗಿದ್ದವು.

ಒಂದು ಬೆಳಿಗ್ಗೆ ಗಾಜು ಕೈಯಿಂದ ಜಾರಿ ಕಲ್ಲಿನ ಮೇಲೆ ಒಡೆಯಿತು. ಯಜಮಾನರು ಬಾಗಿಲಲ್ಲಿ ನಿಂತು ಚೂರುಗಳನ್ನಲ್ಲ, ಅವಳ ಬೆರಳುಗಳನ್ನು ನೋಡಿದರು. ಆ ವಾರವೇ ಚಿಕ್ಕ ಮಗನಿಗೆ ಹುಡುಗಿ ನೋಡಲು ಹೊರಟರು.

ಹಿರಿಯ ಸೊಸೆ ಜೊತೆಗೆ ಬಂದರೆ ಶೋಭೆ ಎಂದು ಅವಳನ್ನೂ ಕರೆದೊಯ್ದರು. ಹುಡುಗಿ ಒಬ್ಬ ದರ್ಜಿಯ ಮಗಳು. ಬೊಗಸೆ ಕಣ್ಣು, ಗಟ್ಟಿ ನಗು. ತಲೆ ಬಾಚಿಕೊಡುವ ನೆವದಲ್ಲಿ ನನ್ನ ಗೆಳತಿ ಒಳಗೆ ಹೋಗಿ, ಹುಡುಗಿಯ ಹಿಂದೆ ನಿಂತು, ಅವಳ ಕಿವಿಯಲ್ಲಿ ಹೇಳಿದಳು: "ನೀರು ತರೋಕೆ ಹೇಳ್ತಾರೆ. ಚೆಲ್ಲಿಬಿಡು."

"ಯಾಕಕ್ಕಾ?"

"ನನ್ನ ಕೈ ನೋಡು." ಅವಳು ಎರಡೂ ಕೈ ಮುಂದೆ ಚಾಚಿ ತೋರಿಸಿದಳಂತೆ. ಬಚ್ಚಿಡದೆ ಅವು ನಡುಗಿದ್ದು ಎಷ್ಟೋ ದಿನಗಳ ಮೇಲೆ.

ಹುಡುಗಿ ಚೂಟಿ. ಲೋಟ ತಂದವಳು ಯಜಮಾನರ ಮಡಿಲಿಗೇ ಅರ್ಧ ಸುರಿದಳು. ಅವಳ ಅಮ್ಮ, "ಕತ್ತೆ ಮುಂಡೇದೆ, ಕಣ್ಣು ಎಲ್ಲಿಟ್ಟಿದ್ದೀಯೇ!" ಎಂದು ಅಲ್ಲೇ ತಲೆಗೊಂದು ಮೊಟಕಿದಳು. ಹುಡುಗಿ ಕೈ ಮುಗಿದು ಕ್ಷಮೆ ಕೇಳುತ್ತಾ ಬಾಗಿಲ ಕಡೆ ಓರೆಗಣ್ಣಿನಲ್ಲಿ ನೋಡಿ ನಕ್ಕಳು. ಸಂಬಂಧ ಮುರಿಯಿತು.

ಅಂದು ಸಂಜೆ ವಾಚನಾಲಯಕ್ಕೆ ಬಂದು ಈ ಕಥೆ ಹೇಳುವಾಗ ಅವಳು ಹಳೆಯ ಹಾಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಪಂಚೆ ಪೂರ್ತಿ ಒದ್ದೆ ಕಣೇ! ಗಾಡಿ ಹತ್ತೋಕೆ ಎದ್ದು ನಿಂತ್ರೆ ಬೀದಿಯೋರೆಲ್ಲ ಬೇರೇನೇ ಅಂದ್ಕೊಂಡ್ರು." ಪುಸ್ತಕಗಳ ನಡುವೆ ಕೂತಿದ್ದ ಮುದುಕರೊಬ್ಬರು ಶ್ ಎಂದು ಗದರಿಸಿದರು. ಅದು ಅವಳ ಕೊನೆಯ ನಗು ಎಂದು ಆಗ ಗೊತ್ತಿದ್ದರೆ ಆ ಮುದುಕರನ್ನೇ ಹೊರಗೆ ಕಳಿಸುತ್ತಿದ್ದೆ.

ಯಜಮಾನರಿಗೆ ಅನುಮಾನ ಬಂತೋ ಇಲ್ಲವೋ ತಿಳಿಯದು. ಎರಡನೇ ಹುಡುಗಿಯನ್ನು ಅವರು ದೂರದ ಊರಿನಲ್ಲಿ ನೋಡಿದರು, ಇವಳನ್ನು ಕರೆದುಕೊಂಡು ಹೋಗಲಿಲ್ಲ. ಮದುವೆಯೂ ಅಲ್ಲೇ ಆಯಿತು. "ನೀನು ಮನೇಲಿರಮ್ಮ, ನಿನಗೆ ಜನ ಆಗಲ್ಲ" ಎಂದರು. ಆ ಮಾತು ಅಷ್ಟು ಹೊತ್ತಿಗೆ ನಿಜವಾಗಿತ್ತು ಎನ್ನುವುದೇ ನನಗೆ ಇವತ್ತಿಗೂ ನುಂಗಲಾಗದ ಸಂಗತಿ. ಅವಳು ಬೀದಿಗೆ ಇಳಿಯುವುದನ್ನು ಬಿಟ್ಟಿದ್ದಳು. ಅಡುಗೆಯವಳು ಒಳಗೆ ಬಂದರೂ ಬೆವರುತ್ತಿದ್ದಳು. ಅತ್ತೆ ತೀರಿಕೊಂಡು ಮಹಡಿಯ ಕೋಣೆ ಖಾಲಿಯಾಗಿತ್ತು. ಅವಳ ಹಾಸಿಗೆಯನ್ನು ಅಲ್ಲಿಗೆ ಸಾಗಿಸಿದರು. ಗಂಡ ತಾನೇ ಹಾಸಿಗೆ ಹೊತ್ತು ಮೆಟ್ಟಿಲು ಹತ್ತಿದ. ಹೆಂಡತಿ ಮಾಡಿದ ಮೊದಲ ಕನ್ನಡಿಯನ್ನೂ ತಂದು ತೂಗುಹಾಕಿದ. ಅವಳು ಅದಕ್ಕೆ ಸೀರೆ ಮುಚ್ಚಿದಳು.

ಹೊಸ ಹುಡುಗಿ ಬಂದ ದಿನದಿಂದ ಅವಳು ನನ್ನ ಬಳಿ ಒಂದೇ ಮಾತು: "ಹೇಳ್ಬೇಕು. ನಾಳೆ ಹೇಳ್ತೀನಿ." ಹುಡುಗಿ ಹಾಲು ತೆಗೆದುಕೊಂಡು ಮೇಲೆ ಬರುತ್ತಿದ್ದಳು. ಹೆಜ್ಜೆಯ ಸದ್ದು ಮೆಟ್ಟಿಲ ಮೇಲೆ ಕೇಳಿದೊಡನೆ ಅವಳು ಗೋಡೆಗೆ ತಿರುಗಿ ಮುದುಡಿಕೊಳ್ಳುತ್ತಿದ್ದಳು. ನಾನು ಪಕ್ಕದಲ್ಲಿದ್ದು ಭುಜ ಹಿಡಿದುಕೊಂಡು, "ಈಗ ಹೇಳೇ, ಬಂದಿದಾಳೆ" ಎಂದರೆ, ಹಲ್ಲು ಕಚ್ಚಿ ಅಳುತ್ತಿದ್ದಳು. ಎಲ್ಲ ತಿಳಿದಿತ್ತು, ಬುದ್ಧಿ ಕೊನೆಯವರೆಗೂ ಸರಿಯಾಗಿತ್ತು. ಹೊಸ ಮುಖವೊಂದನ್ನು ಎದುರಿಸುವ ಶಕ್ತಿ ಮಾತ್ರ ಇರಲಿಲ್ಲ. ಹುಡುಗಿ ಹೋದ ಮೇಲೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುತ್ತಿದ್ದಳು, ಆ ಏಟು ಕೂಡ ನಡುಗುತ್ತಾ ಪಕ್ಕಕ್ಕೆ ಬೀಳುತ್ತಿತ್ತು.

"ನೀನು ಹೇಳೇ" ಎಂದಳು ಒಂದು ದಿನ.

ನಾನು ಹೇಳಿದೆ. ಹಿತ್ತಲಲ್ಲಿ, ಬಾವಿಯ ಹತ್ತಿರ. ರಸದ ವಿಷಯ, ಅತ್ತೆಯ ವಿಷಯ, ಓಲೆಯ ವಿಷಯ. ಹುಡುಗಿ ವಿನಯದಿಂದ ಪೂರ್ತಿ ಕೇಳಿಸಿಕೊಂಡಳು.

"ಅಕ್ಕ ಹೇಳಿದ್ರಾ ಇದನ್ನ?"

"ಹೌದು."

"ಪಾಪ" ಎಂದಳು. "ಮಾವ ಮೊದಲೇ ಹೇಳಿದ್ರು, ಅವರಿಗೆ ಏನೇನೋ ಅನ್ಸುತ್ತೆ ಅಂತ. ಅವರ ತವರಿನ ಕಡೆಯಿಂದಲೇ ಬಂದಿದ್ದಂತೆ ಅಲ್ವಾ?" ನನ್ನ ಕೈ ಹಿಡಿದುಕೊಂಡು, "ನೀವು ಬೇಜಾರು ಮಾಡ್ಕೋಬೇಡಿ. ನಾನು ಚೆನ್ನಾಗಿ ನೋಡ್ಕೋತೀನಿ ಅವರನ್ನ" ಎಂದಳು. ಅವಳ ಅಂಗೈ ಬೆಚ್ಚಗಿತ್ತು, ಕಲ್ಲಿನಂತೆ ಸ್ಥಿರವಾಗಿತ್ತು.

ನಾನು ಮೇಲೆ ಹೋಗಿ ಗೆಳತಿಗೆ, "ಹೇಳಿದೆ, ಅರ್ಥ ಮಾಡಿಕೊಂಡಳು" ಎಂದೆ. ಅವಳು ನನ್ನ ಮುಖ ನೋಡಲಿಲ್ಲ. ಅಣಕಿಸುವಾಗ ನನ್ನ ದನಿ ಹೇಗಿರುತ್ತದೆ, ಸುಳ್ಳು ಹೇಳುವಾಗ ಹೇಗಿರುತ್ತದೆ ಎಂದು ಅವಳಿಗೆ ಚಿಕ್ಕಂದಿನಿಂದಲೂ ಗೊತ್ತು.

ಚಳಿಗಾಲ ಮುಗಿಯುವ ಮೊದಲೇ ಅವಳು ಹೋದಳು. ಯಾವುದೋ ಸಾಮಾನ್ಯ ಜ್ವರ. ಬೇರೆಯವರಾದರೆ ಎದ್ದು ಓಡಾಡುತ್ತಿದ್ದರು. ಬೆಳಿಗ್ಗೆ ಗಂಡ ಬಂದು ವಾಚನಾಲಯದ ಬಾಗಿಲಲ್ಲಿ ನಿಂತು ಅತ್ತ. ನಾನು ಹೋಗಿ ನೋಡಿದಾಗ ಕೈಗಳು ಎದೆಯ ಮೇಲಿದ್ದವು. ಅಲುಗುತ್ತಿರಲಿಲ್ಲ.

ಎಲ್ಲ ಮುಗಿದ ಮೇಲೆ, ಅವಳ ಬಾಚಣಿಗೆ ಕೇಳಿ ತರೋಣವೆಂದು ಆ ಮನೆಗೆ ಇನ್ನೊಮ್ಮೆ ಹೋದೆ. ಹಜಾರದಲ್ಲಿ ಕೂರಿಸಿದರು. ಹೊಸ ಸೊಸೆ ಬಾಚಣಿಗೆ ತಂದುಕೊಟ್ಟಳು. ಅವಳ ಕಿವಿಯಲ್ಲಿ ಬೂದಿಬಿಳುಪಿನ ಓಲೆಗಳಿದ್ದವು.

"ಅಕ್ಕನವು" ಎಂದಳು, ನಾನು ನೋಡುತ್ತಿರುವುದನ್ನು ಕಂಡು. "ಬೆಳ್ಳೀದು. ನೆನಪಿಗೆ ಇಟ್ಕೋ ಅಂತ ಮಾವ ಕೊಟ್ರು."

"ಬೆಳ್ಳಿಯಲ್ಲ ಅದು. ಉರಿಗೆ ಹಿಡಿದು ನೋಡು" ಎಂದೆ.

"ಅಯ್ಯೋ, ಯಾರಾದ್ರೂ ಓಲೆ ಸುಡ್ತಾರಾ!" ಎಂದು ನಕ್ಕು ಒಳಗೆ ಹೋಗಿ ನನಗೆ ಕುಡಿಯಲು ನೀರು ತಂದಳು. ಲೋಟದ ಅಂಚಿಗೂ ನೀರಿಗೂ ಕೂದಲೆಳೆಯಷ್ಟೂ ಅಂತರವಿರಲಿಲ್ಲ. ಹಜಾರದ ಉದ್ದಕ್ಕೂ ನಡೆದು ಬಂದು, ತೋಳು ಚಾಚಿ, ನನ್ನ ಮುಖ ನೋಡುತ್ತಾ ನಿಂತಳು. ನಾನು ಲೋಟ ತೆಗೆದುಕೊಳ್ಳುತ್ತಿದ್ದಂತೆ ನೀರು ನನ್ನ ಸೀರೆಯ ಮೇಲೂ ನೆಲದ ಮೇಲೂ ಚೆಲ್ಲಿತು.

"ಬಿಡಿ ಬಿಡಿ, ನಿಮ್ಮಿಂದ ನಮ್ಮನೆ ಕೆಲಸ ಆಗಲ್ಲ" ಎಂದು ತಮಾಷೆ ಮಾಡುತ್ತಾ ಅವಳು ನೆಲ ಒರೆಸಿದಳು.

ಹಿಂದಿನ ಕೋಣೆಯ ಕಡೆಯಿಂದ ಯಜಮಾನರು ಕರೆದರು. "ತುಂಬುಲೋಟ! ಹಾಳೆ ಹಾಸಿದ್ದು ಕಾಯ್ತಿದೆ ಬಾಮ್ಮ."

"ಬಂದೆ ಮಾವ" ಎಂದು ಅವಳು ಎದ್ದಳು. ಬಾಗಿಲ ಪಕ್ಕ ನಿಂತು ಬಳೆ ಬಿಚ್ಚಿ ಗೂಡಿನಲ್ಲಿಟ್ಟಳು, ಉಂಗುರ ಇಟ್ಟಳು. ಓಲೆಗೆ ಕೈ ಹಾಕಿದವಳು, ಬೆಳ್ಳಿಯದು ತಾನೇ ಎಂದುಕೊಂಡಳೇನೋ, ತೆಗೆಯದೆ ಹಾಗೇ ಬಿಟ್ಟಳು. ಬಾಯಿಗೆ ಬಟ್ಟೆ ಕಟ್ಟಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.